ಹಾಗಲಕಾಯಿಯ ನೊಣ: ಗಂಡು ಮದುವೆಗೆ ತಯಾರಾಗುವುದು ಯಾವಾಗ?

ಚಪ್ಪರದಲ್ಲಿ ತೂಗುವ ಹಾಗಲಕಾಯಿ ಇನ್ನೂ ಎಳೆಯದಿರುವಾಗಲೇ ಹಳದಿಯಾಗಿ, ಒಂದು ಕಡೆ ಸೊಟ್ಟಗಾಗಿ, ಮುಟ್ಟಿದರೆ ಕೈಗೆ ಉದುರುವುದನ್ನು ನಮ್ಮ ಕಾಸರಗೋಡಿನ ತರಕಾರಿ ಬೆಳೆಗಾರರೆಲ್ಲ ನೋಡಿದ್ದಾರೆ. ಒಡೆದರೆ ಒಳಗೆ ಬಿಳಿ ಹುಳಗಳು. ಮುಳ್ಳುಸೌತೆ, ಪಡುವಲ, ಹೀರೆ, ಕುಂಬಳ ಯಾವುದನ್ನೂ ಇದು ಬಿಡುವುದಿಲ್ಲ. ಕೆಲವರು ಕಾಯಿಗೆ ಕಾಗದ ಸುತ್ತುತ್ತಾರೆ. ಕೆಲವರು ಗೆರಟೆಯಲ್ಲಿ ಬಲೆ ಇಡುತ್ತಾರೆ. ಸೋತು ಬೇಸತ್ತವರು ವಿಷ ಹೊಡೆಯುತ್ತಾರೆ.

ಎಂಡೋಸಲ್ಫಾನ್‌ನಿಂದ ನೊಂದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷಕ್ಕೆ ದೇಶದಲ್ಲೇ ತಡೆ ಹಾಕಿತು. ಹಾಗಿರುವಾಗ ಇವತ್ತು ಹೊಡೆದು ನಾಳೆ ಕೊಯ್ದು ಮಾರುವ ತರಕಾರಿಗೆ ವಿಷ ಹೊಡೆಯುವುದನ್ನು ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಿಷ ಬೇಡ ಎಂದರೆ ಶತ್ರುವಿನ ಗುಟ್ಟು ತಿಳಿದಿರಬೇಕು. ಈ ನೊಣದ ಗುಟ್ಟುಗಳಲ್ಲಿ ಒಂದು ಬಹಳ ಸ್ವಾರಸ್ಯಕರ. ರೆಕ್ಕೆ ಬಂದ ಕೂಡಲೇ ಗಂಡು ನೊಣ ಕೂಡಲು ಯೋಗ್ಯವಾಗುವುದಿಲ್ಲ. ಅದಕ್ಕೆ ಮೈಯೊಳಗೆ ಒಂದು ಹಾರ್ಮೋನು ಏರಬೇಕು, ಹೊಟ್ಟೆಗೆ ಸಸಾರಜನಕ, ಅಂದರೆ ಪ್ರೋಟೀನು, ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಹೆಣ್ಣು ತಿರುಗಿ ನೋಡುವುದಿಲ್ಲ.

ಯಾವ ನೊಣ ಇದು?

ಬಾಳೆಹಣ್ಣಿನ ಸಿಪ್ಪೆಯ ಮೇಲೆ ಸುಳಿಯುವ ಕೆಂಗಣ್ಣಿನ ಪುಟ್ಟ ಗುಂಗುರು ಇದಲ್ಲ. ಅದು ಕೊಳೆತದ್ದನ್ನು ಹುಡುಕಿ ಬರುತ್ತದೆ, ಬೆಳೆಗೆ ಅಷ್ಟೇನೂ ಹಾನಿ ಮಾಡುವುದಿಲ್ಲ. ನಾವು ಹೇಳುತ್ತಿರುವುದು ಹೆಚ್ಚುಕಡಿಮೆ ಮನೆನೊಣದ ಗಾತ್ರದ, ಕಂದು ಹಳದಿ ಬಣ್ಣದ ಹಣ್ಣುನೊಣ. ಕೆಲವು ಕಡೆ ಊಜಿ ನೊಣ ಎಂದೂ ಕರೆಯುತ್ತಾರೆ. ಇದರಲ್ಲಿ ಹಲವು ಜಾತಿಗಳಿವೆ. ನಮಗೆ ಮುಖ್ಯವಾದವು ಎರಡು: ಹಾಗಲ, ಸೌತೆ ಬಳ್ಳಿಗಳಿಗೆ ಬರುವ ಬಳ್ಳಿತರಕಾರಿಯ ನೊಣ ಮತ್ತು ಮಾವು, ಪೇರಳೆಗಳಿಗೆ ಬರುವ ಮಾವಿನ ನೊಣ.

ಹೆಣ್ಣಿನ ಹಿಂಭಾಗದಲ್ಲಿ ಸೂಜಿಯಂಥ ಕೊಳವೆ ಇದೆ. ಅದನ್ನು ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಹುಳ ಹೊರಬಂದು ತಿರುಳು ತಿನ್ನುತ್ತದೆ. ಬಲಿತ ಹುಳ ನೆಲಕ್ಕೆ ಬಿದ್ದು ಮಣ್ಣಿನೊಳಗೆ ಕೋಶವಾಗಿ, ನಮ್ಮ ಸೆಖೆಗೆ ಸುಮಾರು ಒಂದು ವಾರ, ಹತ್ತು ದಿನಗಳಲ್ಲಿ ನೊಣವಾಗಿ ಮೇಲೆ ಬರುತ್ತದೆ. ಹುಳ ಕಾಯಿಯೊಳಗಿರುವುದರಿಂದ ಮೇಲೆ ಹೊಡೆದ ಔಷಧಿ ಅದನ್ನು ಮುಟ್ಟುವುದಿಲ್ಲ. ಕೋಶ ಮಣ್ಣಿನಲ್ಲಿದೆ, ಅದಕ್ಕೂ ತಾಗುವುದಿಲ್ಲ. ಔಷಧಿ ಹೊಡೆದೂ ನೊಣ ಹೋಗಲಿಲ್ಲ ಎಂಬ ದೂರಿಗೆ ಕಾರಣ ಇದೇ.

ಕಾಯಿ ಚುಚ್ಚದ ಗಂಡಿನ ಗೊಡವೆ ಏಕೆ?

ಗಂಡು ನೊಣ ಕಾಯಿಗೆ ಚುಚ್ಚುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಹಾಗಾದರೆ ಅದು ಬಲಿಯಲು ಎಷ್ಟು ದಿನ ತೆಗೆದುಕೊಂಡರೆ ನಮಗೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಅಮೆರಿಕದ ಕೀಟಶಾಸ್ತ್ರಜ್ಞ ಎಡ್ವರ್ಡ್ ನಿಪ್ಲಿಂಗ್ ಅವರ ಒಂದು ಯೋಚನೆಯಲ್ಲಿದೆ. ಕಾರ್ಖಾನೆಯಲ್ಲಿ ನೊಣಗಳನ್ನು ಬೆಳೆಸಿ, ಕೋಶದ ಹಂತದಲ್ಲೇ ವಿಕಿರಣ ತಾಗಿಸಿ ಬಂಜೆ ಮಾಡಿ ಹೊರಗೆ ಬಿಟ್ಟರೆ ಏನಾಗುತ್ತದೆ? ಬಂಜೆ ಗಂಡು ಕಾಡಿನ ಹೆಣ್ಣನ್ನು ಕೂಡುತ್ತದೆ, ಹೆಣ್ಣು ಮೊಟ್ಟೆಯನ್ನೂ ಇಡುತ್ತದೆ, ಆದರೆ ಮೊಟ್ಟೆ ಒಡೆಯುವುದಿಲ್ಲ. ಮತ್ತೆ ಮತ್ತೆ ಹೀಗೆ ಬಿಡುತ್ತಾ ಹೋದರೆ ಸಂತತಿಯೇ ನಿಂತುಹೋಗುತ್ತದೆ. 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ, ಜಾನುವಾರುಗಳ ಗಾಯದಲ್ಲಿ ಹುಳವಾಗಿ ಮಾಂಸ ತಿನ್ನುವ ಒಂದು ನೊಣದ ಮೇಲೆ ಇದನ್ನು ಪ್ರಯೋಗಿಸಿದರು. ಯೋಚನೆ ಫಲಿಸಿತು.

ನಮ್ಮ ಹಾಗಲಕಾಯಿಗೆ ಹತ್ತಿರದ ಕಥೆ ಜಪಾನಿನ ಓಕಿನಾವಾ ದ್ವೀಪಗಳದ್ದು. ಅಲ್ಲಿನವರಿಗೆ ಹಾಗಲಕಾಯಿ ಪ್ರಾಣ, ಅವರದನ್ನು ಗೋಯಾ ಎನ್ನುತ್ತಾರೆ. ಆದರೆ ನಮ್ಮಲ್ಲಿರುವ ಇದೇ ಬಳ್ಳಿತರಕಾರಿಯ ನೊಣ ಅಲ್ಲಿಯೂ ಇದ್ದುದರಿಂದ ಗೋಯಾವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಸಾಗಿಸಲು ಅನುಮತಿ ಇರಲಿಲ್ಲ. 1972ರಲ್ಲಿ ಕುಮೆ ಎಂಬ ಸಣ್ಣ ದ್ವೀಪದಲ್ಲಿ ಕೆಲಸ ಆರಂಭವಾಯಿತು. ಒಂದೊಂದೇ ದ್ವೀಪ ಮುಗಿಸುತ್ತಾ 1993ರ ಹೊತ್ತಿಗೆ ಇಡೀ ಓಕಿನಾವಾ ಆ ನೊಣದಿಂದ ಮುಕ್ತವಾಯಿತು. ಇದಕ್ಕಾಗಿ ಬಿಟ್ಟ ಬಂಜೆ ನೊಣಗಳು 5,000 ಕೋಟಿಗೂ ಹೆಚ್ಚು. ಇಂದು ಗೋಯಾ ಜಪಾನಿನ ಎಲ್ಲ ಮಾರುಕಟ್ಟೆಗಳಲ್ಲೂ ಸಿಗುತ್ತದೆ.

ಬಿಟ್ಟ ಗಂಡು ಕೂಡಲು ತಯಾರಿಲ್ಲದಿದ್ದರೆ?

ತೊಡಕು ಇರುವುದು ಇಲ್ಲಿ. ಕೋಶದಿಂದ ಹೊರಬಂದ ಬಳ್ಳಿತರಕಾರಿಯ ಗಂಡು ನೊಣ ಚೆನ್ನಾಗಿ ಬಲಿಯಲು ಹತ್ತು ದಿನದಿಂದ ಎರಡು ವಾರದವರೆಗೂ ಬೇಕಾಗುತ್ತದೆ. ಹುಟ್ಟಿದ ನಾಲ್ಕೈದು ದಿನಕ್ಕೇ ಹೊರಗೆ ಬಿಟ್ಟರೆ ಅದು ಮದುವೆ ವಯಸ್ಸಿಗೆ ಬರುವ ಮೊದಲೇ ಹಕ್ಕಿ, ಜೇಡ, ಇರುವೆಗಳ ಪಾಲಾಗಬಹುದು, ಇಲ್ಲವೇ ಹಸಿವೆಯಿಂದ ಸಾಯಬಹುದು. ಬಲಿಯುವವರೆಗೆ ಕಾರ್ಖಾನೆಯಲ್ಲೇ ಇಟ್ಟುಕೊಂಡರೆ ವಾರಕ್ಕೆ ಕೋಟಿಗಟ್ಟಲೆ ನೊಣಗಳಿಗೆ ಜಾಗ, ಆಹಾರ, ಕೂಲಿ ಎಲ್ಲ ಬೇಕು. ಕೋಳಿ ಸಾಕಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮಾರುವ ತೂಕಕ್ಕೆ ಬರಲು ಒಂದು ವಾರ ತಡವಾದರೆ ಲಾಭವೆಲ್ಲ ಮೇವಿಗೇ ಹೋಗುತ್ತದೆ.

ಆದ್ದರಿಂದ ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಗಂಡನ್ನು ಬೇಗ ಬಲಿಸಬಹುದೇ?

ಎಳೆತನದ ಹಾರ್ಮೋನು ಯೌವನ ತರುವ ಪರಿ

ಕೀಟಗಳ ಮಿದುಳಿನ ಹಿಂದೆ ಒಂದು ಜೊತೆ ಪುಟ್ಟ ಗ್ರಂಥಿಗಳಿವೆ. ಅವು ಸುರಿಸುವ ರಸಕ್ಕೆ ಜುವನೈಲ್ ಹಾರ್ಮೋನ್, ಅಂದರೆ ಎಳೆತನದ ಹಾರ್ಮೋನು ಎಂದು ಹೆಸರು. 1930ರ ದಶಕದಲ್ಲಿ ಇಂಗ್ಲೆಂಡಿನ ವಿನ್ಸೆಂಟ್ ವಿಗ್ಲ್ಸ್‌ವರ್ತ್ ಅವರು ರಕ್ತ ಹೀರುವ ಒಂದು ತಿಗಣೆಯ ಮೇಲೆ ಪ್ರಯೋಗ ಮಾಡಿ ಇದರ ಕೆಲಸವನ್ನು ತೋರಿಸಿದರು. ಈ ಹಾರ್ಮೋನು ಮೈಯಲ್ಲಿ ಇರುವವರೆಗೆ ಮರಿ ಮರಿಯಾಗಿಯೇ ಇರುತ್ತದೆ. ಅದು ಇಳಿದಾಗ ಮಾತ್ರ ರೆಕ್ಕೆಯ ಕೀಟವಾಗುತ್ತದೆ. ಹೆಸರು ಬಂದಿದ್ದು ಹೀಗೆ.

ಸ್ವಾರಸ್ಯ ಇರುವುದು ಮುಂದೆ. ರೆಕ್ಕೆ ಬಂದ ಮೇಲೆ ಅದೇ ಹಾರ್ಮೋನು ಮತ್ತೆ ಏರುತ್ತದೆ. ಆದರೆ ಈಗ ಅದರ ಕೆಲಸ ತಿರುಗುಮುರುಗು. ಹೆಣ್ಣಿನಲ್ಲಿ ಮೊಟ್ಟೆ ಬಲಿಸುತ್ತದೆ, ಗಂಡಿನಲ್ಲಿ ಕೂಡುವ ಬಯಕೆ, ಹೆಣ್ಣನ್ನು ಕರೆಯುವ ವಾಸನೆ ಇವನ್ನೆಲ್ಲ ಎಬ್ಬಿಸುತ್ತದೆ. ಬಾಲ್ಯವನ್ನು ಕಾಯ್ದದ್ದೇ ಯೌವನವನ್ನೂ ತರುತ್ತದೆ.

ಈ ಹಾರ್ಮೋನಿನಂತೆಯೇ ಕೆಲಸ ಮಾಡುವ ಮೆಥೊಪ್ರೀನ್ ಎಂಬ ರಾಸಾಯನಿಕ 1970ರ ದಶಕದಿಂದ ಬಳಕೆಯಲ್ಲಿದೆ. ಸೊಳ್ಳೆ ಮರಿಗಳಿರುವ ನೀರಿಗೆ ಇದನ್ನು ಹಾಕಿದರೆ ಅವು ಸೊಳ್ಳೆಯಾಗದೆ ಸಾಯುತ್ತವೆ. ಎಳೆತನ ಮುಗಿಯಬೇಕಾದ ಹೊತ್ತಿನಲ್ಲಿ ಮುಗಿಯದಂತೆ ಅದು ತಡೆಯುತ್ತದೆ. ಹಾಗೆ ಸೊಳ್ಳೆಯನ್ನು ಬೆಳೆಯಗೊಡದ ವಸ್ತುವನ್ನೇ ರೆಕ್ಕೆ ಬಂದ ಹಣ್ಣುನೊಣಕ್ಕೆ ಕೊಟ್ಟರೆ ಅದು ಬೇಗ ಪ್ರಾಯಕ್ಕೆ ಬರುತ್ತದೆ! ಒಂದೇ ವಸ್ತು, ಕೊಡುವ ಹೊತ್ತು ಬೇರೆ.

ಅಮೆರಿಕದ ಫ್ಲೋರಿಡಾದಲ್ಲಿ ಪೀಟರ್ ಟೀಲ್ ಮತ್ತು ಸಂಗಡಿಗರು ಅಲ್ಲಿನ ಕೆರಿಬಿಯನ್ ಹಣ್ಣುನೊಣದ ಮೇಲೆ ಈ ಕೆಲಸ ಮಾಡಿ 2000ದಲ್ಲಿ ವರದಿ ಪ್ರಕಟಿಸಿದರು. ಹಾರ್ಮೋನು ಪಡೆದ ಗಂಡುಗಳು ಹೆಣ್ಣನ್ನು ಕರೆಯುವ ವಾಸನೆಯನ್ನು ಹೆಚ್ಚು ಸೂಸಿದವು, ಕೂಡುವುದರಲ್ಲೂ ಮುಂದಾದವು. ಪ್ರಯೋಗಾಲಯದಲ್ಲಿ ಇದನ್ನು ಒಂದೊಂದೇ ನೊಣದ ಬೆನ್ನಿಗೆ ಹನಿ ಹಾಕಿ ಕೊಡಬಹುದು. ಕೋಟಿ ನೊಣಗಳಿಗೆ ಹಾಗೆ ಹನಿ ಹಾಕುವವರು ಯಾರು? ಆಹಾರದಲ್ಲೇ ಬೆರೆಸಿ ಕೊಡುವ ದಾರಿಯನ್ನು ಮುಂದೆ ಹುಡುಕಿದರು.

ಸಕ್ಕರೆ ಮಾತ್ರ ಸಾಲದು

ಹಾರ್ಮೋನು ಕೊಟ್ಟ ಮಾತ್ರಕ್ಕೆ ಕೆಲಸ ಆಗಲಿಲ್ಲ. ಇಲ್ಲಿ ಊಟದ ಮಾತು ಬರುತ್ತದೆ. ನೊಣಕ್ಕೆ ಹಾರಲು ಸಕ್ಕರೆ ಸಾಕು. ಹೂವಿನ ಮಕರಂದ, ಹಣ್ಣಿನ ರಸ, ಸಸ್ಯಹೇನುಗಳು ಬಿಡುವ ಅಂಟುಸಿಹಿ ಎಲ್ಲೆಲ್ಲೂ ಸಿಗುತ್ತದೆ. ಆದರೆ ವೀರ್ಯದ ಜೊತೆ ಹೋಗುವ ರಸಗಳು ತಯಾರಾಗಲು, ಮೈ ಗಟ್ಟಿಯಾಗಲು ಪ್ರೋಟೀನು ಬೇಕು. ಹೊರಗಿನ ನೊಣ ಇದನ್ನು ಹಕ್ಕಿಯ ಹಿಕ್ಕೆಯಿಂದಲೂ ಎಲೆಯ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದಲೂ ಪಡೆಯುತ್ತದೆ. ಕಾರ್ಖಾನೆಯಲ್ಲಿ ಮೂರು ಪಾಲು ಸಕ್ಕರೆಗೆ ಒಂದು ಪಾಲು ಯೀಸ್ಟಿನ ಸತ್ವ ಬೆರೆಸಿ ಕೊಡುವುದು ರೂಢಿ. ನಮ್ಮ ಬೇಕರಿಯವರು ಬ್ರೆಡ್ಡು ಹುಳಿ ಬರಿಸಲು ಹಾಕುವ ಯೀಸ್ಟೇ ಇದು, ಅದನ್ನು ಒಡೆದು ಸುಲಭವಾಗಿ ಜೀರ್ಣವಾಗುವಂತೆ ಮಾಡಿರುತ್ತಾರೆ.

ನಮ್ಮ ಬಳ್ಳಿತರಕಾರಿಯ ನೊಣದ ಮೇಲೆಯೇ ಇಹ್ಸಾನ್ ಉಲ್ ಹಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪ್ರಯೋಗ ಹೀಗಿತ್ತು. 6 ದಿನದ ಗಂಡುಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಹಾರ್ಮೋನು ಮತ್ತು ಪ್ರೋಟೀನು ಎರಡೂ. ಇನ್ನೊಂದಕ್ಕೆ ಪ್ರೋಟೀನು ಮಾತ್ರ. ಮೂರನೆಯದಕ್ಕೆ ಹಾರ್ಮೋನು ಮಾತ್ರ. ಸಕ್ಕರೆ, ನೀರು ಎಲ್ಲರಿಗೂ ಇತ್ತು. ಇವುಗಳನ್ನು ಪೂರ್ತಿ ಬಲಿತ 14 ದಿನದ ಗಂಡುಗಳ ಜೊತೆ ದೊಡ್ಡ ಬಲೆಯ ಪಂಜರದೊಳಗೆ ಸ್ಪರ್ಧೆಗೆ ಬಿಟ್ಟರು.

ಈ ನೊಣಗಳ ಸ್ವಯಂವರ ನಡೆಯುವುದು ಮುಸ್ಸಂಜೆಗೆ. ಗಂಡುಗಳು ಎಲೆಗಳ ಅಡಿಯಲ್ಲಿ ಗುಂಪುಗೂಡಿ, ತಮ್ಮ ತಮ್ಮ ಎಲೆ ಹಿಡಿದು, ರೆಕ್ಕೆ ಬಡಿದು ಸದ್ದು ಮಾಡುತ್ತಾ ವಾಸನೆ ಹರಡುತ್ತವೆ. ಹೆಣ್ಣು ಬಂದು ನೋಡಿ ತನಗೆ ಬೇಕಾದವನನ್ನು ಆರಿಸಿಕೊಳ್ಳುತ್ತದೆ. ಹಾರ್ಮೋನು, ಪ್ರೋಟೀನು ಎರಡೂ ಸಿಕ್ಕ 6 ದಿನದ ಗಂಡುಗಳು ಈ ಕೂಟದಲ್ಲಿ ಚುರುಕಾಗಿ ಭಾಗವಹಿಸಿದವು, 14 ದಿನದ ಗಂಡುಗಳ ಸಾಲಿನಲ್ಲಿ ನಿಂತವು. ಒಂದು ಮಾತ್ರ ಸಿಕ್ಕವು ಹಿಂದುಳಿದವು.

ಇದರ ಅರ್ಥವೇನು? ಹಾರ್ಮೋನು ಅಪ್ಪಣೆ ಇದ್ದ ಹಾಗೆ, ಪ್ರೋಟೀನು ಸಾಮಾನು ಇದ್ದ ಹಾಗೆ. ಮದುವೆಗೆ ದಿನ ಗೊತ್ತುಮಾಡಿ ಮನೆಯಲ್ಲಿ ಅಕ್ಕಿಯೇ ಇಲ್ಲದಿದ್ದರೆ? ಅಕ್ಕಿ ತುಂಬಿದ್ದು ದಿನವೇ ಗೊತ್ತಾಗದಿದ್ದರೆ? ಎರಡೂ ಕೂಡಿಬರಬೇಕು.

ಎಲ್ಲ ನೊಣಕ್ಕೂ ಒಂದೇ ಮದ್ದಲ್ಲ

ಇದನ್ನು ಎಲ್ಲ ಜಾತಿಗೂ ಅನ್ವಯಿಸಲು ಬರುವುದಿಲ್ಲ. ಯುರೋಪು, ಆಫ್ರಿಕಾಗಳಲ್ಲಿ ಹಣ್ಣು ಹಾಳುಮಾಡುವ ಮೆಡಿಟರೇನಿಯನ್ ನೊಣ ಕೆಲವೇ ದಿನಗಳಲ್ಲಿ ತಾನಾಗಿಯೇ ಬಲಿಯುತ್ತದೆ. ಅಂಥದ್ದಕ್ಕೆ ಅವಸರಪಡಿಸುವ ಹಾರ್ಮೋನಿನಿಂದ ಹೇಳಿಕೊಳ್ಳುವ ಲಾಭವಿಲ್ಲ. ನಿಧಾನವಾಗಿ ಬಲಿಯುವ ಜಾತಿಗಳಲ್ಲೇ ಇದರ ಪ್ರಯೋಜನ.

ಪ್ರೋಟೀನಿಗೂ ಒಂದು ಬೆಲೆ ಇದೆ. ಇಸ್ರೇಲಿನ ಕಾಸ್ಪಿ ಮತ್ತು ಯುವಲ್ 2000ದಲ್ಲಿ ಮೆಡಿಟರೇನಿಯನ್ ನೊಣದ ಬಗ್ಗೆ ತೋರಿಸಿಕೊಟ್ಟಂತೆ, ಪ್ರೋಟೀನು ತಿಂದ ಬಂಜೆ ಗಂಡು ಹೆಣ್ಣನ್ನು ಒಲಿಸುವುದರಲ್ಲಿ ಮುಂದು. ಆದರೆ ಆಮೇಲೆ ಆಹಾರ ಸಿಗದಿದ್ದರೆ ಬರೀ ಸಕ್ಕರೆ ತಿಂದವನಿಗಿಂತ ಬೇಗ ಸಾಯುತ್ತದೆ. ಮೈಯಲ್ಲಿದ್ದುದನ್ನೆಲ್ಲ ಮದುವೆಯ ಸಡಗರಕ್ಕೆ ಖರ್ಚು ಮಾಡಿದವನ ಪಾಡು ಅದು. ಆಸ್ಟ್ರೇಲಿಯಾದಲ್ಲಿ ಕ್ವೀನ್ಸ್‌ಲ್ಯಾಂಡ್ ನೊಣಕ್ಕೆ ರಾಸ್ಪ್‌ಬೆರಿ ಕೀಟೋನ್ ಎಂಬ ವಾಸನೆಯ ವಸ್ತುವನ್ನು ಮೊದಲ ದಿನಗಳ ಆಹಾರದಲ್ಲಿ ಬೆರೆಸಿದರೂ ಗಂಡು ಬೇಗ ಬಲಿಯುತ್ತದೆ ಎಂದು 2017ರಲ್ಲಿ ಪ್ರಕಟವಾಯಿತು.

ತುಳಸಿ ಬಲೆಯ ಗುಟ್ಟು

ಇಷ್ಟು ತಿಳಿದ ಮೇಲೆ ನಮ್ಮ ಬಲೆಗಳ ಕಡೆ ಬರೋಣ. ಮಾವಿನ ತೋಪಿನಲ್ಲಿ ತುಳಸಿ ಎಲೆ ಜಜ್ಜಿ ಗೆರಟೆಯಲ್ಲಿಟ್ಟು ತೂಗುಹಾಕುವುದು ಇಲ್ಲಿ ಹಲವರಿಗೆ ಗೊತ್ತು. ಮಲಯಾಳದಲ್ಲಿ ತುಳಸಿಕ್ಕೆಣಿ ಎನ್ನುತ್ತಾರೆ. ತುಳಸಿಯಲ್ಲಿ ಮೀಥೈಲ್ ಯೂಜಿನಾಲ್ ಎಂಬ ವಸ್ತುವಿದೆ, ಮಾವಿನ ನೊಣದ ಗಂಡು ಅದಕ್ಕೆ ಮರುಳು. ಈ ಮರುಳನ್ನು ವಿಜ್ಞಾನದ ಕಣ್ಣಿಗೆ ತಂದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಎಫ್.ಎಂ. ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. 1915ರಲ್ಲಿ ಅದಕ್ಕೆ ಕಾರಣವಾದ ವಸ್ತುವನ್ನೂ ಗುರುತಿಸಿದರು. ಗಂಡು ಇದನ್ನು ತಿಂದು ತನ್ನ ಮೈಯಲ್ಲಿ ಹೆಣ್ಣನ್ನು ಸೆಳೆಯುವ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದರೆ ಅದು ತುಳಸಿಗೆ ಬರುವುದು ಹೊಟ್ಟೆ ಹಸಿದಲ್ಲ, ಮದುವೆಯ ಅತ್ತರಿಗಾಗಿ.

ಬಲಿಯದ ಗಂಡಿಗೆ ಈ ಅತ್ತರಿನ ಗೊಡವೆ ಹೆಚ್ಚಿಲ್ಲ. ಪ್ರಾಯಕ್ಕೆ ಬಂದ ಮೇಲೆಯೇ ಅದು ಈ ವಾಸನೆಯ ಬೆನ್ನು ಹತ್ತುವುದು. ಇದರಿಂದ ರೈತರು ತಿಳಿಯಬೇಕಾದ ವಿಷಯಗಳು ಇವು:

ಒಂದು, ಬಲೆಯಲ್ಲಿ ಬಿದ್ದದ್ದು ಬಹುಪಾಲು ಬಲಿತ ಗಂಡು. ಅದರಲ್ಲಿ ಕೆಲವು ಆಗಲೇ ಕೂಡಿಯೂ ಇರಬಹುದು. ಆದ್ದರಿಂದ ಕಾಯಿ ಹಳದಿಯಾದ ಮೇಲೆ ಬಲೆ ಹುಡುಕುವುದು ತಡವಾಯಿತು. ಬಳ್ಳಿ ಹೂ ಬಿಡುವ ಮೊದಲೇ, ಮಾವು ಬಲಿಯುವ ಮೊದಲೇ ಬಲೆ ತೂಗಬೇಕು.

ಎರಡು, ತುಳಸಿ ಅಥವಾ ಮೀಥೈಲ್ ಯೂಜಿನಾಲ್ ಮಾವಿನ ನೊಣಕ್ಕೆ. ಹಾಗಲ, ಸೌತೆಯ ನೊಣ ಅದಕ್ಕೆ ಬರುವುದಿಲ್ಲ, ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ವಾಸನೆ ಬೇಕು. ಹಾಗಲದ ಚಪ್ಪರಕ್ಕೆ ಮಾವಿನ ಬಲೆ ತೂಗಿ, ಬಲೆಯಲ್ಲಿ ಏನೂ ಬೀಳಲಿಲ್ಲ, ಆದ್ದರಿಂದ ನೊಣವಿಲ್ಲ ಎಂದುಕೊಳ್ಳಬೇಡಿ.

ಮೂರು, ವಾಸನೆಯ ಬಲೆಗೆ ಹೆಣ್ಣು ಬೀಳುವುದಿಲ್ಲ. ಹೆಣ್ಣು, ಎಳೆಯ ಗಂಡು ಇವು ಬರುವುದು ಊಟಕ್ಕೆ. ಮೊಟ್ಟೆ ಬಲಿಯಲು ಹೆಣ್ಣಿಗೂ ಪ್ರೋಟೀನು ಬೇಕೇ ಬೇಕು. ನಮ್ಮಲ್ಲಿ ಒಣಮೀನು ಹಾಕಿ ಮಾಡುವ ಮೀನ್‌ಕೆಣಿ, ಗಂಜಿನೀರು ಬೆಲ್ಲದ ಕಂಞಿವೆಳ್ಳಕ್ಕೆಣಿ, ಬಾಳೆಹಣ್ಣಿನ ಪಳಕ್ಕೆಣಿ ಎಲ್ಲವೂ ಈ ಹಸಿವನ್ನೇ ಹಿಡಿಯುವ ಉಪಾಯಗಳು. ವಾಸನೆಯ ಬಲೆಯ ಜೊತೆ ಊಟದ ಬಲೆಯೂ ಇರಲಿ. ವಿಷ ಬೆರೆಸುವುದಿದ್ದರೆ ಮಕ್ಕಳು, ಬೆಕ್ಕು, ಕೋಳಿಗಳ ಕೈಗೆ ಸಿಗದ ಎತ್ತರದಲ್ಲಿ ಕಟ್ಟಿ. ಯಾವುದು, ಎಷ್ಟು ಎಂಬುದನ್ನು ಕೃಷಿಭವನದಲ್ಲಿ ಕೇಳಿಯೇ ಹಾಕಿ.

ನಾಲ್ಕು, ಬಿದ್ದ ಕಾಯಿ, ಕೊಳೆತ ಹಣ್ಣನ್ನು ಬುಡದಲ್ಲೇ ಬಿಡಬೇಡಿ. ಒಂದು ಕೊಳೆತ ಕಾಯಿ ಎಂದರೆ ಎರಡು ವಾರದಾಚೆಯ ಹತ್ತಾರು ಮದುಮಕ್ಕಳು. ಆರಿಸಿ ಆಳವಾಗಿ ಹೂಳಿ, ಇಲ್ಲವೇ ಸುಟ್ಟುಬಿಡಿ.

ಇನ್ನೊಂದು ಎಚ್ಚರಿಕೆ. ಮೆಥೊಪ್ರೀನ್ ಹೆಸರು ಕೇಳಿ ಅದನ್ನು ತಂದು ಬಳ್ಳಿಗೆ ಹೊಡೆಯಲು ಹೋಗಬೇಡಿ. ಮೇಲೆ ಹೇಳಿದ ಹಾರ್ಮೋನು, ಯೀಸ್ಟಿನ ಉಪಚಾರವೆಲ್ಲ ಕಾರ್ಖಾನೆಯಲ್ಲಿ ಬಂಜೆ ಮಾಡಿದ ಗಂಡುಗಳಿಗೆ. ಬಂಜೆಯಲ್ಲದ ನೊಣವನ್ನು ಬೇಗ ಪ್ರಾಯಕ್ಕೆ ತಂದರೆ ಲಾಭ ನೊಣಕ್ಕೇ ಹೊರತು ನಮಗಲ್ಲ.

ಒಬ್ಬರಿಂದ ಆಗುವ ಕೆಲಸವಲ್ಲ

ಓಕಿನಾವಾ ಗೆದ್ದದ್ದಕ್ಕೆ ಒಂದು ಕಾರಣ ಅದು ದ್ವೀಪ, ಸುತ್ತ ಸಮುದ್ರ. ಇನ್ನೊಂದು ಕಾರಣ ಇಡೀ ದ್ವೀಪದಲ್ಲಿ ಒಟ್ಟಿಗೇ ಕೆಲಸ ನಡೆದದ್ದು. ನಮಗೆ ಸಮುದ್ರ ಒಂದೇ ಬದಿಗೆ. ನೊಣಕ್ಕೆ ಕೇರಳ, ಕರ್ನಾಟಕದ ಗಡಿ ಗೊತ್ತಿಲ್ಲ. ಈಚೆಯ ಹೊಲದಲ್ಲಿ ಬಲೆ ಇಟ್ಟು ಆಚೆಯ ಹೊಲದಲ್ಲಿ ಕೊಳೆತ ಕಾಯಿ ಬಿಟ್ಟರೆ ಪ್ರಯೋಜನವಿಲ್ಲ. ಒಂದು ಬಯಲಿನ ಚಪ್ಪರಗಳೆಲ್ಲ ಒಂದೇ ವಾರ ಬಲೆ ತೂಗಿದರೆ, ಒಟ್ಟಿಗೇ ಬಿದ್ದ ಕಾಯಿ ಹೂಳಿದರೆ ಅದರ ಫಲ ಮುಂದಿನ ಕೊಯ್ಲಿನಲ್ಲಿ ಕಾಣುತ್ತದೆ.

ಇವತ್ತು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹಾಗಲದ ಚಪ್ಪರದ ಹತ್ತಿರ ಹೋಗಿ ಸ್ವಲ್ಪ ಹೊತ್ತು ಎಲೆಗಳ ಅಡಿ ನೋಡಿ. ರೆಕ್ಕೆ ಅಲುಗಿಸುತ್ತಾ ಕೂತ ಕಂದು ನೊಣ ಕಂಡರೆ ಅದು ಊಟ ಮುಗಿಸಿ, ಪ್ರಾಯಕ್ಕೆ ಬಂದು, ಹೆಣ್ಣಿಗಾಗಿ ಕಾಯುತ್ತಿರುವ ಗಂಡು ಎಂದು ತಿಳಿಯಿರಿ. ಬಲೆ ತೂಗುವುದನ್ನು ನಾಳೆಗೆ ಮುಂದೂಡಬೇಡಿ.